ವಿಮಾನ ಕಂಪನಿಗಳೂ ಒಗ್ಗರಣೆಯ ವಾಸನೆಯೂ

ಕೆಂಚಾರ್ಲಹಳ್ಳಿಯ ಚೆನ್ನರಾಯಪ್ಪನವರಿಗೆ ಆ ವರ್ಷ ಎರಡು ಚಿಂತೆಗಳಿದ್ದವು. ಒಂದು, ದೇಶದ ವಿಮಾನ ಕಂಪನಿಗಳೆಲ್ಲ ಸೇರಿ ಒಂದಾಗುತ್ತವೋ ಇಲ್ಲವೋ ಎನ್ನುವುದು. ಇನ್ನೊಂದು, ತಮ್ಮ ಮನೆಯ ಸಾರಿಗೆ ಒಗ್ಗರಣೆ ಯಾಕೆ ಬೀಳುವುದಿಲ್ಲ ಎನ್ನುವುದು. ಮೊದಲನೆಯದನ್ನು ಅವರು ಊರಿಗೆಲ್ಲ ಕೇಳುವಂತೆ ಚಿಂತಿಸುತ್ತಿದ್ದರು. ಎರಡನೆಯದನ್ನು ಮಾತ್ರ ಮನಸ್ಸಿನೊಳಗೇ. ಯಾಕೆಂದರೆ ವಿಮಾನ ಕಂಪನಿಯವರು ಎದುರಿಗಿರಲಿಲ್ಲ. ಹೆಂಡತಿ ರಾಮಲಕ್ಷ್ಮಮ್ಮ ಎದುರಿಗೇ ಇದ್ದಳು, ಕೈಯಲ್ಲಿ ಸೌಟೂ ಇತ್ತು.

ಐವತ್ಮೂರನೇ ಇಸವಿಯ ಮಾತು. ಊರಿಗೆಲ್ಲ ಪೇಪರು ತರಿಸುತ್ತಿದ್ದವರು ಚೆನ್ನರಾಯಪ್ಪನವರೊಬ್ಬರೇ. ಚಿಂತಾಮಣಿ ಬಸ್ಸಿನಲ್ಲಿ ಅದು ಒಂದು ದಿನ ಹಳತಾಗಿ ಬಂದಿಳಿಯುತ್ತಿತ್ತು. ಬಸ್ಸು ನಿಲ್ಲುವ ಕಡೆಯೇ ನಲ್ಲಪ್ಪನ ಕಾಫಿ ಹೋಟೆಲು. ಅದರ ಬೆಂಚಿನ ಮೇಲೆ ಇವರು ಕಾಲ ಮೇಲೆ ಕಾಲು ಹಾಕಿ ಕೂತು ಪೇಪರು ಬಿಚ್ಚಿದರೆಂದರೆ ದಿಲ್ಲಿಯವರಿಗೂ ಗೊತ್ತಿಲ್ಲದ ಸಂಗತಿಗಳು ಹೊರಬೀಳುತ್ತಿದ್ದವು. (ವಿಮಾನವನ್ನು ಅವರು ಹತ್ತಿರದಿಂದ ನೋಡಿದವರಲ್ಲ. ಬೆಳಿಗ್ಗೆ ಹಿಪ್ಪುನೇರಳೆ ತೋಟದ ಮೇಲೆ ಮದ್ರಾಸಿನ ಕಡೆಗೆ ಒಂದು ಹೋಗುತ್ತಿತ್ತು. ಅದು ಕಣ್ಮರೆಯಾಗುವ ತನಕ ಹಣೆಗೆ ಕೈ ಹಿಡಿದು ನಿಲ್ಲುತ್ತಿದ್ದರು. ಅಷ್ಟರಿಂದಲೇ ಇಷ್ಟು.)

"ಒಂದಾಗೋದೇ ಸೈ ಕಣೋ ನಲ್ಲಪ್ಪ. ಬರೆದಿಟ್ಕೋ," ಎಂದರು ಒಂದು ದಿನ.

"ಅವು ಒಂದಾದ್ರೆ ನಮ್ ಬಸ್ಸು ಹೊತ್ತಿಗೆ ಸರಿಯಾಗಿ ಬರ್ತದಾ ಸ್ವಾಮಿ?"

"ಬಸ್ಸಿನ ಮಾತು ಬಿಡಯ್ಯ, ನಾನು ಆಕಾಶದ ಮಾತಾಡ್ತಿದ್ದೀನಿ. ಒಂದೇ ಊರಿಗೆ ಇಬ್ಬರ ವಿಮಾನ. ಇದ್ರಲ್ಲಿ ಅರ್ಧ ಖಾಲಿ, ಅದ್ರಲ್ಲಿ ಅರ್ಧ ಖಾಲಿ. ದುಂದು! ಎರಡು ಸೇರಿದ್ರೆ ಒಂದು ತುಂಬ್ತದೆ. ಇಬ್ಬರಲ್ಲಿ ಯಾರು ಗಟ್ಟಿಗರೋ ಅವರೇ ಓಡಿಸ್ತಾರೆ."

"ಗಟ್ಟಿಗನಲ್ಲದೋನು ಏನ್ಮಾಡ್ತಾನೆ?"

ಇದರ ಉತ್ತರ ಮುಂದಿನ ಪುಟದಲ್ಲಿರಬಹುದೆಂದು ಚೆನ್ನರಾಯಪ್ಪನವರು ಪುಟ ತಿರುಗಿಸಿದರು.

ಈಗ ಅವರ ಮನೆಯ ಸಂಗತಿ. ಅಪ್ಪ ತೀರಿಕೊಂಡ ಮೇಲೆ ಚೆನ್ನರಾಯಪ್ಪನವರೂ ತಮ್ಮ ವೆಂಕಟರಾಮಪ್ಪನೂ ಬೇರೆಯಾಗಿ ಮೂರು ವರ್ಷವಾಗಿತ್ತು. ದೊಡ್ಡ ಮನೆಯ ನಡುವೆ ಮಣ್ಣಿನ ಗೋಡೆ ಎದ್ದಿತು. ಆಳೆತ್ತರ ಏರಿದ ಮೇಲೆ, ಅಲ್ಲಿಂದ ಹೆಂಚಿನವರೆಗೆ ಏರಿಸುವ ಕೂಲಿ ಯಾರದು ಎಂದು ಅಣ್ಣತಮ್ಮಂದಿರಿಗೆ ಮಾತು ಬೆಳೆಯಿತು. ಮಾತು ಬೆಳೆಯಿತೇ ಹೊರತು ಗೋಡೆ ಬೆಳೆಯಲಿಲ್ಲ. ಹೀಗಾಗಿ ಈ ಕಡೆಯ ಮಂದಿಗೆ ಆ ಕಡೆಯ ಮುಖ ಕಾಣದಿದ್ದರೂ ಆ ಕಡೆಯ ಒಲೆಯ ಮೇಲೆ ಏನು ಕುದಿಯುತ್ತಿದೆ ಎನ್ನುವುದು ಮೂಗಿಗೆ ಚೆನ್ನಾಗಿ ತಿಳಿಯುತ್ತಿತ್ತು.

ಆ ಮೂಗೇ ಚೆನ್ನರಾಯಪ್ಪನವರನ್ನು ಕೆಡಿಸಿದ್ದು. ಈ ಕಡೆ ಅವರು ರಾಗಿ ಮುದ್ದೆ ಮುಂದಿಟ್ಟುಕೊಂಡು ಕೂತರೆ ಸಾರು ಕೆರೆಯ ನೀರಿನ ಹಾಗೆ ತಣ್ಣಗೆ ಸುಮ್ಮನಿರುತ್ತಿತ್ತು. ಸಾಸಿವೆಯಿಲ್ಲ, ಬೆಳ್ಳುಳ್ಳಿಯಿಲ್ಲ, ಇಂಗಿನ ಹೆಸರೇ ಇಲ್ಲ. ಅದೇ ಹೊತ್ತಿಗೆ ಆ ಕಡೆಯಿಂದ ಚುಂಯ್ ಎನ್ನುವ ಸದ್ದು! ಹಿಂದೆಯೇ ಹಿದುಕಿದ ಅವರೆಬೇಳೆ ಸಾರಿನ ಘಮಲು ಗೋಡೆ ಹತ್ತಿ, ಇಳಿದು, ಇವರ ತಟ್ಟೆಯ ಸುತ್ತ ಪ್ರದಕ್ಷಿಣೆ ಹಾಕಿ ಹೋಗುತ್ತಿತ್ತು. ಚೆನ್ನರಾಯಪ್ಪನವರು ಆ ವಾಸನೆಯನ್ನು ನಂಜಿಕೊಂಡು ಈ ಸಾರನ್ನು ನುಂಗುತ್ತಿದ್ದರು.

"ನಾರಾಯಣಮ್ಮನ ಕೈಯೇ ಕೈ," ಎಂದು ಮನಸ್ಸಿನಲ್ಲಿ ನೂರು ಸಲ ಅಂದುಕೊಂಡಿದ್ದರು. ನಾರಾಯಣಮ್ಮ ಎಂದರೆ ತಮ್ಮನ ಹೆಂಡತಿ. ಅವಳ ಕೈ ಹಾಗಿರಲಿ, ಮುಖವನ್ನೂ ಅವರು ನೆಟ್ಟಗೆ ನೋಡಿದವರಲ್ಲ. ತಮ್ಮನ ಹೆಂಡತಿ ಬಾವನ ಎದುರು ನಿಲ್ಲುವುದುಂಟೆ? ಬಾವ ಅವಳ ಅಡುಗೆಮನೆಗೆ ಕಾಲಿಡುವುದುಂಟೆ? ಅವಳಿಗೆ ಏನಾದರೂ ಹೇಳಬೇಕೆಂದಿದ್ದರೆ ಬಾಗಿಲ ಹಿಂದೆ ನಿಂತು ಓರಗಿತ್ತಿಗೆ ಹೇಳುವ ಹಾಗೆ ಹೇಳುತ್ತಿದ್ದಳು, ಬಾವ ಆಕಾಶ ನೋಡಿಕೊಂಡು ಕೇಳಿಸಿಕೊಳ್ಳುತ್ತಿದ್ದರು.

ಎರಡೂ ಕಡೆ ಧಾರಾಳವಾಗಿ ಓಡಾಡುತ್ತಿದ್ದವಳು ಸೋದರತ್ತೆ ಕದಿರಮ್ಮ ಒಬ್ಬಳೇ. ಹಗಲೂಟ ಈ ಕಡೆ, ರಾತ್ರಿಯೂಟ ಆ ಕಡೆ ಎಂದು ಮುದುಕಿಯನ್ನೂ ಪಾಲು ಮಾಡಿಕೊಂಡಿದ್ದರು. ಚೆನ್ನರಾಯಪ್ಪನವರು ಒಮ್ಮೆ ಮೆಲ್ಲಗೆ ಕೇಳಿದ್ದರು:

"ಅತ್ತೆ, ಆ ಕಡೆ ಸಾರು ಭಾರಿ ಚೆನ್ನಾಗಿರ್ತದಾ?"

"ಏಮಿ ನಾಯನಾ, ವಾಸನೆ ಸಾಲ್ದಾ ನಿಂಗೆ?" ಎಂದು ಮುದುಕಿ ತನ್ನ ತೆಲುಗು ಬೆರೆಸಿ ಕೇಳಿ, ಬೊಚ್ಚುಬಾಯಿ ಅಗಲಿಸಿ ನಕ್ಕಳು. "ಮಾಡೋ ಕೈ ಅಂಥಾದ್ದು ಬಿಡು." ಯಾರ ಕೈ ಎಂದು ಅವಳು ಹೇಳಲಿಲ್ಲ, ಇವರೂ ಕೇಳಲಿಲ್ಲ.

ಹೀಗಿರುವಾಗ ಅವರೆಕಾಯಿಯ ಕಾಲದ ಒಂದು ಮಧ್ಯಾಹ್ನ, ಮೂಗಿನಲ್ಲಿ ಆ ಕಡೆಯ ಘಮಲು, ಕೈಯಲ್ಲಿ ವಿಮಾನದ ಸುದ್ದಿ ಎರಡೂ ಕೂಡಿದಾಗ ಚೆನ್ನರಾಯಪ್ಪನವರ ತಲೆಯಲ್ಲಿ ದೀಪ ಹತ್ತಿಕೊಂಡಿತು. ಎರಡು ಕಂಪನಿ ಸೇರಬಹುದಾದರೆ ಎರಡು ಒಲೆ ಯಾಕೆ ಸೇರಬಾರದು? ಗಟ್ಟಿಗರು ವಿಮಾನ ಓಡಿಸುವುದಾದರೆ ಗಟ್ಟಿಗಿತ್ತಿ ಸೌಟು ಯಾಕೆ ಹಿಡಿಯಬಾರದು? ಓರಗಿತ್ತಿಯ ಅಡುಗೆ ಬೇಕು ಎಂದು ಹೆಂಡತಿಗೆ ಹೇಳಿ ಬದುಕಿದವರಿಲ್ಲ. ಆದರೆ 'ದೇಶಕ್ಕೆ ದೇಶವೇ ವಿಲೀನದ ಕಡೆ ಹೊರಟಿದೆ' ಎಂದರೆ ಯಾರು ಏನನ್ನಬಲ್ಲರು?

ರಾಮಲಕ್ಷ್ಮಮ್ಮ ಆಗತಾನೆ ರೇಷ್ಮೆಹುಳದ ಕೋಣೆಯಿಂದ ಹೊರಬಂದು ಸೊಪ್ಪು ಹೆಚ್ಚುತ್ತಿದ್ದಳು. ಚೆನ್ನರಾಯಪ್ಪನವರು ಗಂಟಲು ಸರಿಮಾಡಿಕೊಂಡು ದುಂದುವೆಚ್ಚ, ಪೈಪೋಟಿ, ಸಂಯುಕ್ತ ಆಡಳಿತ ಎಂದೆಲ್ಲ ಶುರುಮಾಡಿದರು. ಅವಳು ತಲೆಯೆತ್ತದೆ ಕೇಳಿದಳು.

"ಅಂದ್ರೆ ಗೋಡೆ ಕೆಡವಣ ಅಂತೀರಿ."

"ಬರೀ ಗೋಡೆಯಲ್ಲ. ಎರಡು ಹುಳದ ಕೋಣೆ ಒಂದು, ಎರಡು ಒಲೆ ಒಂದು. ಯಾರ್ಯಾರು ಯಾವ್ಯಾವ ಕೆಲಸದಲ್ಲಿ ಗಟ್ಟಿಗರೋ ಅವರಿಗೆ ಆ ಕೆಲಸ."

"ಯಾರು ಗಟ್ಟಿಗರು ಅಂತ ಹೇಳೋರು ಯಾರು?"

"ಅದಕ್ಕೆ ಅಧ್ಯಕ್ಷರು ಅಂತ ಒಬ್ಬರು ಇರ್ತಾರೆ," ಎಂದು ಅವರು ಮೀಸೆಯ ಮೇಲೆ ಕೈಯಾಡಿಸಿದರು. "ಮನೇಲಿ ದೊಡ್ಡೋರು ಯಾರೋ ಅವರು."

"ಆಗಲಿ. ಆಮೇಲೆ ಮಾತು ತಪ್ಪಬಾರ್ದು."

"ಚೆನ್ನರಾಯಪ್ಪ ಎಂದಾದ್ರೂ ಮಾತು ತಪ್ಪಿದ್ದುಂಟಾ?"

ರಾಮಲಕ್ಷ್ಮಮ್ಮ ಮೇಲೆ ನೋಡಿದಳು. ಹೋದ ಮಳೆಗಾಲದಿಂದ ಒಡೆದೇ ಇದ್ದ ಹೆಂಚಿನ ಸಂದಿಯಿಂದ ಬಿಸಿಲು ಅವಳ ಮೊರದ ಮೇಲೆ ಬೀಳುತ್ತಿತ್ತು. ಇಷ್ಟು ಸುಲಭವಾಗಿ ಒಪ್ಪಿದ್ದು ಯಾಕೆ ಎಂದು ಬೇರೆ ಗಂಡನಾಗಿದ್ದರೆ ಯೋಚಿಸುತ್ತಿದ್ದ. ಇವರು ಅದನ್ನು ತಮ್ಮ ವಾಗ್ವೈಖರಿಯ ಲೆಕ್ಕಕ್ಕೆ ಹಾಕಿಕೊಂಡರು.

ವಿಚಿತ್ರವೆಂದರೆ ಹಿಂಜರಿದವನು ತಮ್ಮ. ಮಾತು ಕೇಳುತ್ತಲೇ ವೆಂಕಟರಾಮಪ್ಪನ ಮುಖ ಇಳಿದುಹೋಯಿತು.

"ಬ್ಯಾಡ ಅಣ್ಣಯ್ಯ. ಗೋಡೆ ಚೆನ್ನಾಗೇ ಐತೆ."

"ಯಾಕೋ, ನಾನು ನಿನ್ನ ಪಾಲು ನುಂಗ್ತೀನಾ?"

"ಪಾಲಿನ ಮಾತಲ್ಲ. ನಮ್ ಕಡೆ ನಮ್ ಪಾಡಿಗೆ ನಾವು ಹೆಂಗೋ..." ಎಂದು ತಡವರಿಸಿ ಹೆಗಲ ಮೇಲಿದ್ದ ಟವೆಲಿನಿಂದ ಕೈ ಒರೆಸಿಕೊಂಡ. ಟವೆಲಿನ ಮೇಲೆ ಅರಿಸಿನದ ಕಲೆಗಳಿದ್ದವು. ವಿಮಾನದ ರೆಕ್ಕೆಯ ಉದ್ದವನ್ನು ಊಹಿಸಬಲ್ಲ ಚೆನ್ನರಾಯಪ್ಪನವರಿಗೆ ಅದು ಕಾಣಲಿಲ್ಲ.

ಅಷ್ಟರಲ್ಲಿ ಬಾಗಿಲ ಹಿಂದಿನಿಂದ ಬಳೆಯ ಸದ್ದಾಯಿತು. "ಅಕ್ಕಾ, ಬಾವನೋರು ಹೇಳಿದ್ದು ನ್ಯಾಯವಾಗೈತೆ ಅಂತ ಹೇಳಿ. ಗಟ್ಟಿಗರಿಗೇ ಆ ಕೆಲಸ."

ಚೆನ್ನರಾಯಪ್ಪನವರು ಆಕಾಶ ನೋಡಿಕೊಂಡೇ ಹಿಗ್ಗಿದರು. ಗೋಡೆ ಎದ್ದ ಮೇಲೆ ಓರಗಿತ್ತಿಯರು ಇಂಥ ಬಾಗಿಲ ಹಿಂದಿನ ಮಾತು ಬಿಟ್ಟು ಬೇರೇನೂ ಆಡುವುದಿಲ್ಲ ಎಂದು ಅವರ ನಂಬಿಕೆ. ದಿನಾ ಸೊಪ್ಪು ಕೊಯ್ಯುವಾಗ ತೋಟದಲ್ಲಿ ಇಬ್ಬರೂ ಆಡದ ಮಾತೇ ಇರಲಿಲ್ಲ ಎನ್ನುವುದು ಪೇಪರಿನಲ್ಲಿ ಬಂದಿರಲಿಲ್ಲ.

ಮಾರನೆಯ ದಿನವೇ ನಲ್ಲಪ್ಪನ ಹೋಟೆಲಿನಲ್ಲಿ ಘೋಷಣೆಯಾಯಿತು. "ದಿಲ್ಲಿಯೋರು ಇನ್ನೂ ಯೋಚನೆ ಮಾಡ್ತಾವ್ರೆ. ಕೆಂಚಾರ್ಲಹಳ್ಳೀಲಿ ಆಗಿಹೋಯ್ತು! ಸಂಕ್ರಾಂತಿ ಕಳೆದ ಸೋಮವಾರ ನಮ್ಮನೇಲಿ ವಿಲೀನದ ಊಟ. ಹಿದುಕಿದ ಬೇಳೆ ಸಾರು. ಇದ್ದೋರೆಲ್ಲ ಬನ್ನಿ." ಬೆಂಚಿನ ಮೇಲಿದ್ದವರೆಲ್ಲ ಒಪ್ಪಿಕೊಂಡರು. ಊಟದ ವಿಷಯದಲ್ಲಿ ಅವರಿಗೆ ಭಿನ್ನಾಭಿಪ್ರಾಯವಿರಲಿಲ್ಲ.

ಸೋಮವಾರ ಬಂತು. ಗೋಡೆ ಬಿದ್ದಿತ್ತು. ಮಡಿ ಪಂಚೆಯುಟ್ಟು, ವಿಭೂತಿ ಹಚ್ಚಿ ಚೆನ್ನರಾಯಪ್ಪನವರು ಮನೆಯ ನಡುವೆ ಅಧ್ಯಕ್ಷರಂತೆ ನಿಂತು ಉಸಿರೆಳೆದುಕೊಂಡರು. ಮಣ್ಣಿನ ಧೂಳಿನ ವಾಸನೆ ಬಂತು. ಇನ್ನೊಮ್ಮೆ ಎಳೆದರು. ಹಿಪ್ಪುನೇರಳೆ ಸೊಪ್ಪಿನ ವಾಸನೆ ಬಂತು. ಸಾರಿನದು ಬರಲಿಲ್ಲ. ಒಲೆಯ ಮುಂದೆ ಬೆಕ್ಕು ಮಲಗಿತ್ತು.

"ರಾಮಲಕ್ಷ್ಮೀ! ಎಲ್ಲಿ ಎಲ್ಲಾರೂ? ಜನ ಬರೋ ಹೊತ್ತಾಯ್ತು!"

"ಇಲ್ಲಿ," ಎಂದು ಹುಳದ ಕೋಣೆಯಿಂದ ಉತ್ತರ ಬಂತು. ಹೊಸ್ತಿಲಾಚೆ ರಾಮಲಕ್ಷ್ಮಮ್ಮ ತಟ್ಟೆಗಳಿಗೆ ಸೊಪ್ಪು ಹರಡುತ್ತಿದ್ದಳು. ಬಾಗಿಲ ಮರೆಯಲ್ಲಿ ಇನ್ನೊಂದು ಜೊತೆ ಬಳೆ ಸದ್ದು ಮಾಡುತ್ತಿತ್ತು. ಎರಡೂ ಮನೆಯ ಹುಳಗಳು ಮೇವು ಬಿಟ್ಟು ಪೊರೆ ಕಳಚುವ ಕೊನೆಯ ಜ್ವರ ದಾಟಿ ಎದ್ದಿದ್ದವು. ಎದ್ದ ಹುಳ ಮೇಯುವಾಗ ಕೋಣೆಯೊಳಗೆ ಮಳೆ ಹೊಯ್ದಂತೆ ಸದ್ದು.

"ಇಬ್ಬರೂ ಇಲ್ಲೇ ಇದ್ರೆ ಅಡಿಗೆ?"

"ಹುಳ ಮುಟ್ಟೋ ಕೈಲಿ ಒಗ್ಗರಣೆ ಮುಟ್ಟಬಾರ್ದು. ಆ ಹೊಗೆ ಸೋಕಿದ್ರೆ ಹುಳ ಉಳೀತದಾ? ಹುಳದಲ್ಲಿ ನಾವಿಬ್ಬರೂ ಗಟ್ಟಿಗರು. ಅದಕ್ಕೆ ಇಲ್ಲಿದ್ದೀವಿ."

"ಅದಲ್ಲ ಕಣೇ..." ಚೆನ್ನರಾಯಪ್ಪನವರ ಬಾಯಿಂದ ಮೂರು ವರ್ಷದ ಗುಟ್ಟು ಜಾರಿಬಿಟ್ಟಿತು. "ಆ ಸಾರು ನಾರಾಯಣಮ್ಮನೇ ಮಾಡ್ಬೇಕು!"

ಬಾಗಿಲ ಮರೆಯಿಂದ ಕಿಸಕ್ಕನೆ ನಗು ಬಂತು. ಜಗಲಿಯ ಮೇಲಿದ್ದ ಕದಿರಮ್ಮನಿಗೆ ಇನ್ನು ತಡೆಯಲಾಗಲಿಲ್ಲ.

"ಅಯ್ಯೋ ನಾಯನಾ! ನಾರಾಯಣಿ ಒಲೆ ಮುಂದೆ ಕೂತು ಯಾವ ಕಾಲ ಆಯ್ತೋ! ಅವಳಿಗೆ ಹುಳದ್ದೇ ಹೊತ್ತು ಸಾಲ್ದು. ಅಲ್ಲಿ ಸಾರು ಮಾಡೋನು ಎಂಕಟರಾಮ. ಹೇಳ್ಬೇಡ ಅಂತ ನನ್ ಕೈಲಿ ಆಣೆ ಇಡಿಸ್ಕೊಂಡಿದ್ದ."

ವೆಂಕಟರಾಮಪ್ಪ ಹಿತ್ತಲ ಬಾಗಿಲಲ್ಲಿ ನಿಂತಿದ್ದ. ಒಂದು ಕೈಯಲ್ಲಿ ಹಿದುಕಿದ ಬೇಳೆಯ ಬಟ್ಟಲು, ಇನ್ನೊಂದರಲ್ಲಿ ಸೌಟು.

"ಹುಳಕ್ಕೂ ಇವಳೇ, ಒಲೆಗೂ ಇವಳೇ ಅಂದ್ರೆ ಹೆಂಗಾಗ್ತದೆ ಅಣ್ಣಯ್ಯ?" ಎಂದ ನೆಲ ನೋಡುತ್ತ. "ಊರೋರು ನಗ್ತಾರೆ ಅಂತ ಸುಮ್ಮನಿದ್ದೆ. ಗೋಡೆ ಇತ್ತು, ನಡೀತಿತ್ತು."

ರಾಮಲಕ್ಷ್ಮಮ್ಮ ಹೊಸ್ತಿಲಿಗೆ ಬಂದು ನಿಂತಳು. "ನಮ್ ಸಾರಿಗೆ ಒಗ್ಗರಣೆ ಯಾಕೆ ಬೀಳಲ್ಲ ಅಂತ ಈಗ ಗೊತ್ತಾಯ್ತಾ? ಹುಳಕ್ಕೂ ನಾನೇ, ಒಲೆಗೂ ನಾನೇ. ಸಾಸಿವೆ ಸಿಡಿಸಿ ಆ ಕೈಲಿ ಹುಳದ ಹತ್ರ ಹೋಗಕ್ಕಾಗ್ತದಾ? ಅದಕ್ಕೇ ಸಪ್ಪೆ. ಅತ್ತ ಮನೇಲೂ ಒಬ್ಬ ಗಂಡಸು, ಇತ್ತ ಮನೇಲೂ ಒಬ್ಬ ಗಂಡಸು. ಅಲ್ಲೀದು ಸಾರು ಮಾಡ್ತು. ಇಲ್ಲೀದು ಮೂಗೆತ್ತಿ ಗೋಡೆ ಮೂಸ್ತು."

ಚೆನ್ನರಾಯಪ್ಪನವರಿಗೆ ಇಷ್ಟು ದಿನ ಮೂಗೆತ್ತಿದ್ದು ಯಾರಿಗೂ ಕಂಡಿಲ್ಲ ಎಂದಿತ್ತು. ಮೂಗು ಮುಟ್ಟಿ ನೋಡಿಕೊಂಡರು.

"ಸರಿ. ಈಗ ಅಧ್ಯಕ್ಷರು ಹೇಳ್ಲಿ. ನಿಮಗೆ ಯಾವ ಕೆಲಸದಲ್ಲಿ ಗಟ್ಟಿತನ ಐತೆ?"

"ನಾನು... ಒಟ್ಟಾರೆ ಉಸ್ತುವಾರಿ..."

"ಉಸ್ತುವಾರಿಗೆ ಅತ್ತೆ ಅವ್ರೆ, ಜಗಲಿ ಮೇಲೆ."

"ಪೇಪರು ಓದ್ತೀನಿ."

"ಹುಳ ಕೇಳಲ್ಲ," ಎಂದಳು ರಾಮಲಕ್ಷ್ಮಮ್ಮ. "ಎಂಕಟರಾಮಪ್ಪಾ, ನಿನಗೆ ಏನು ಬೇಕು ಹೇಳಪ್ಪ."

ವೆಂಕಟರಾಮಪ್ಪ ಬಹಳ ಮರ್ಯಾದೆಯಿಂದ ಹೇಳಿದ: "ಖಾರ ರುಬ್ಬಕ್ಕೆ ಒಬ್ಬರಿದ್ರೆ ಬೇಗ ಆಗ್ತದೆ ಅತ್ತಿಗೆ."

ನಲ್ಲಪ್ಪನೂ ಬೆಂಚಿನ ಮಂದಿಯೂ ಬಂದಾಗ ವಿಲೀನದ ಅಧ್ಯಕ್ಷರು ಮಡಿ ಪಂಚೆಯನ್ನು ಮೊಣಕಾಲಿಗೆ ಕಟ್ಟಿ ಒರಳಿನ ಮುಂದೆ ಕೂತಿದ್ದರು. ಒಣಮೆಣಸಿನಕಾಯಿಯ ಘಾಟಿಗೆ ಕಣ್ಣಲ್ಲಿ ನೀರು, ವಿಭೂತಿಯ ಮೇಲೆ ತೆಂಗಿನಕಾಯಿ ತುರಿ. ಯಾರೂ ನಗಲಿಲ್ಲ. ಊಟ ಮುಗಿಯುವ ತನಕ ತಡೆದುಕೊಂಡರು. ಸಾರು ಅಷ್ಟು ಚೆನ್ನಾಗಿತ್ತು. ಕೈ ತೊಳೆಯುವಾಗ ನಲ್ಲಪ್ಪ ಮಾತ್ರ ಹೇಳಿದ: "ಆವತ್ತು ಕೇಳಿದ್ನಲ್ಲ ಸ್ವಾಮಿ, ಗಟ್ಟಿಗನಲ್ಲದೋನು ಏನ್ಮಾಡ್ತಾನೆ ಅಂತ. ಈಗ ತಿಳೀತು ಬಿಡಿ. ಖಾರ ಇನ್ನೊಂಚೂರು ನುಣ್ಣಗಾಗ್ಬೇಕಿತ್ತು."

ಅಂದಿನಿಂದ ಬಸ್ಸು ಬರುವ ಹೊತ್ತೂ ಖಾರ ರುಬ್ಬುವ ಹೊತ್ತೂ ಒಂದೇ ಆಗಿಹೋಯಿತು. ಪೇಪರು ಮಾತ್ರ ಬರುತ್ತಲೇ ಇತ್ತು. ಬಿಚ್ಚುವವರಿಲ್ಲದೆ ನೇರವಾಗಿ ಹುಳದ ತಟ್ಟೆಗಳಿಗೆ ಹಾಸಾಗುತ್ತಿತ್ತು. ಶ್ರಾವಣದಲ್ಲಿ ಒಂದು ಬೆಳಿಗ್ಗೆ ಚೆನ್ನರಾಯಪ್ಪನವರು ಹುಳದ ಕೋಣೆಯ ಮುಂದೆ ಹಾಯುವಾಗ, ಸೊಪ್ಪಿನ ಸಂದಿಯಲ್ಲಿ ದಪ್ಪಕ್ಷರದ 'ವಿಮಾನ' ಎನ್ನುವುದು ಕಣ್ಣಿಗೆ ಬಿತ್ತು. ಒಳಗೆ ಕಾಲಿಟ್ಟರು.

"ಹಾ ಹಾ, ಅಲ್ಲೇ ನಿಲ್ಲಿ! ಕೈಯೆಲ್ಲ ಬೆಳ್ಳುಳ್ಳಿ!" ಎಂದು ರಾಮಲಕ್ಷ್ಮಮ್ಮ ಗದರಿದಳು.

"ಒಂದಾದ್ವೋ ಇಲ್ವೋ, ಅಷ್ಟು ಹೇಳೇ ಸಾಕು."

ಬಾಗಿಲ ಮರೆಯಿಂದ ಅಕ್ಷರ ಕೂಡಿಸಿ ಓದುವ ದನಿ ಕೇಳಿಸಿತು. ಆಮೇಲೆ: "ಅಕ್ಕಾ, ಎಲ್ಲಾ ಒಂದಾದ್ವಂತೆ ಅಂತ ಬಾವನೋರಿಗೆ ಹೇಳಿ."

"ನಾನು ಹೇಳಿರ್ಲಿಲ್ವಾ!" ಚೆನ್ನರಾಯಪ್ಪನವರು ಆಕಾಶ ನೋಡುವುದನ್ನೂ ಮರೆತು ಕುಣಿದರು. "ಅಧ್ಯಕ್ಷರು ಯಾರಂತೆ?"

"ಅಲ್ಲಿ ಹುಳ ಕೂತೈತೆ, ಮೇಯ್ತಾ ಐತೆ. ಎಬ್ಬಿಸಬಾರ್ದು ಅಂತ ಹೇಳಿ ಅಕ್ಕಾ."

ತೋಟದ ಮೇಲೆ ಮದ್ರಾಸಿನ ವಿಮಾನ ಗುಂಯ್ಗುಡುತ್ತ ಬರುತ್ತಿತ್ತು. ಚೆನ್ನರಾಯಪ್ಪನವರು ಅಂಗಳಕ್ಕೆ ಓಡಿ ಅಭ್ಯಾಸಬಲದಿಂದ ಹಣೆಗೆ ಕೈ ಹಿಡಿದರು. ಬೆರಳಿನ ಖಾರ ಕಣ್ಣಿಗಿಳಿಯಿತು. ಅವರು ಕಣ್ಣು ಮುಚ್ಚಿ ಕುಣಿಯುತ್ತಿರುವಾಗಲೇ ಒಂದಾದ ವಿಮಾನ ತಲೆಯ ಮೇಲೆ ಹಾದುಹೋಯಿತು. ಅಡುಗೆಮನೆಯಿಂದ ವೆಂಕಟರಾಮಪ್ಪ ಕೂಗಿದ:

"ಅಣ್ಣಯ್ಯ, ಒಗ್ಗರಣೆ ಹೊತ್ತಾಯ್ತು. ಖಾರ ಎಲ್ಲಿ?"