ರಬ್ಬರ್ ಮೀನಿನ ತಾಳ ತಪ್ಪಿಸಲು ಎರಡು ಭಾನುವಾರ

ಇಂದ:
ವಿಷ್ಣುಪ್ರಸಾದ, ಮೃದಂಗ ಶಿಕ್ಷಕ, ಕೋಟೆ, ಶಿವಮೊಗ್ಗ

ಗೆ:
ಶ್ರೀ ಷಡಕ್ಷರಪ್ಪನವರು, ಕಾರ್ಯದರ್ಶಿಗಳು, ಭಾನುವಾರದ ಗಾಳ ಸಂಘ, ಭದ್ರಾವತಿ

ವಿಷಯ: ರಬ್ಬರ್ ಮೀನು ಜೀವಂತ ಮೀನಿನಂತೆ ಈಜುವವರೆಗೆ ಸದಸ್ಯತ್ವ ಉಳಿಸುವ ಬಗ್ಗೆ.

ಉಲ್ಲೇಖ: ವರ್ಷಕ್ಕೊಂದು ಮೀನನ್ನೂ ಹಿಡಿಯದವರ ಹೆಸರು ತೆಗೆಯುವುದಾಗಿ ತಾವು ಟೀ ಅಂಗಡಿಯಲ್ಲಿ ಎಲ್ಲರೆದುರು ಓದಿದ ನೋಟೀಸು.

ಮಾನ್ಯರೇ,

೧. ಕೊರವ ಮೀನು ಬಾಯಿ ತೆರೆದಿತ್ತು. ಅರ್ಜಿದಾರನ ಗಾಳಕ್ಕೆ ಸಿಕ್ಕಿಸಿದ ರಬ್ಬರ್ ಮೀನು ಅದರ ಮೂತಿಯಿಂದ ಗೇಣು ದೂರದಲ್ಲಿತ್ತು. ಆಗ ಅರ್ಜಿದಾರನು, ಎಂಟನೆಯ ಎಣಿಕೆ ಮುಗಿದ ಕಾರಣ, ದಾರ ಎಳೆದನು. ಕೊರವ ಬಾಯಿ ಮುಚ್ಚಿಕೊಂಡು ಹೋಯಿತು. ದಡದಲ್ಲಿ ತಾವು ಟೋಪಿ ತೆಗೆದು ಹಣೆ ಒತ್ತಿಕೊಂಡದ್ದೂ ದಾಖಲಾಗಲಿ.

೨. ಸದರಿ ತಪ್ಪಿಗೆ ಕಾರಣ ಮೂವತ್ತು ವರ್ಷದ ಮೃದಂಗ. ಅರ್ಜಿದಾರನ ಕೈ ಏನು ಹಿಡಿದರೂ ಎಂಟೆಣಿಕೆಯ ಆದಿತಾಳದಲ್ಲೇ ಆಡುತ್ತದೆ. ಆದ್ದರಿಂದ ಅವನ ರಬ್ಬರ್ ಮೀನೂ ಆದಿತಾಳದಲ್ಲೇ ಈಜುತ್ತದೆ. ಭದ್ರಾ ಹೊಳೆಯಲ್ಲಿ ಇಷ್ಟು ಶಿಸ್ತಿನ ಮೀನು ಇನ್ನೊಂದಿಲ್ಲ. ಉಳಿದವು ದೂರದಲ್ಲೇ ನಿಂತು, ಕಛೇರಿ ಕೇಳಿದಂತೆ ಕೇಳಿ, ಎದ್ದು ಹೋಗುತ್ತಿವೆ.

೩. ಸೇತುವೆಯ ಬಳಿ ಮೀನು ಮಾರುವ ಕರಿಯಮ್ಮನವರು ಇದನ್ನು ನೋಡಲಾರದೆ ಹೇಳಿದರು: “ಮೇಷ್ಟ್ರೇ, ಜೀವಭಯ ಇರೋದು ತಾಳ ಹಾಕ್ಕೊಂಡು ಹೋಗುತ್ತಾ? ಎರಡು ಸಲ ಒದ್ದಾಡ್ಲಿ. ಆಮೇಲೆ ಸತ್ತಂಗೆ ಕೆಳಗೆ ಇಳೀಲಿ. ಆವಾಗ ನೀವು ಸುಮ್ನಿರಿ.” ಸುಮ್ಮನಿರುವ ಪ್ರಯತ್ನ ಮಾಡಲಾಯಿತು. ಆ ಹೊತ್ತನ್ನು ಎಡಗೈ ತೊಡೆಯ ಮೇಲೆ ಎಣಿಸಿತು.

೪. ಶಿಷ್ಯರೆಲ್ಲ ಮೊಬೈಲಿನಲ್ಲೇ ಕಲಿಯತೊಡಗಿರುವ ಕಾರಣ, ವಾರಕ್ಕೊಮ್ಮೆಯಾದರೂ ಅರ್ಜಿದಾರನನ್ನು ಬೈಯುವವರು ಸಿಗುವುದು ಸಂಘದಲ್ಲಿ ಮಾತ್ರ. ಹೆಸರು ತೆಗೆದರೆ ಭಾನುವಾರ ಅವನು ಗೋಡೆ ಗಡಿಯಾರದ ಎದುರು ಕೂರಬೇಕಾಗುತ್ತದೆ. ಅದೂ ತಾಳ ತಪ್ಪುವುದಿಲ್ಲ.

೫. ಕರುಣಾಳುಗಳಾದ ತಾವು ಮಲವಗೊಪ್ಪದ ಬಸ್ ನಿಲ್ದಾಣದಲ್ಲಿ ಒಂದು ಡಬ್ಬಿ ಕೈಗಿಟ್ಟು, “ಎರೆಹುಳ ಇದೆ ಮಾರಾಯ. ರಬ್ಬರ್ ಬಿಚ್ಚಿ ಇದನ್ನ ಸಿಕ್ಸು. ನಾನು ಆ ಕಡೆ ತಿರುಗ್ಕೋತೀನಿ” ಎಂದಿರಿ. ಗಾಳಕ್ಕೆ ಜೀವ ಇರುವುದನ್ನು ಸಿಕ್ಕಿಸಕೂಡದೆಂಬ ಸಂಘದ ಮೊದಲ ನಿಯಮವನ್ನು ಬರೆದವರೂ ತಾವೇ.

ಆದ್ದರಿಂದ, ಮೇಲ್ಕಂಡ ಕಾರಣಗಳಿಂದ, ಅರ್ಜಿದಾರನ ಕೈ ಕಲಿತದ್ದನ್ನು ಮರೆಯಲು ಇನ್ನೆರಡು ಭಾನುವಾರ ದಯಪಾಲಿಸಬೇಕಾಗಿ ಕೋರಿಕೆ.

ತಮ್ಮ, ಸದ್ಯಕ್ಕೆ ಈ ಭಾನುವಾರದವರೆಗಿನ ವಿಶ್ವಾಸಿ,
ವಿಷ್ಣುಪ್ರಸಾದ

ಲಗತ್ತುಗಳು:
೧. ರಬ್ಬರ್ ಮೀನು ಒಂದು. ಹಲ್ಲಿನ ಗುರುತಿಲ್ಲ.
೨. ತಾವು ಕೊಟ್ಟ ಡಬ್ಬಿ. ಹುಳುಗಳು ಹೊರಳುವುದನ್ನು ಅರ್ಜಿದಾರನು ಮೂರು ದಿನ ಕೂತು ನೋಡಿದ್ದಾನೆ, ಯಾವ ತಾಳವೂ ಸಿಗಲಿಲ್ಲ. ಒದ್ದೆ ಮಣ್ಣು ಬದಲಿಸಲಾಗಿದೆ. ಎಲ್ಲವೂ ಕ್ಷೇಮ. ಗಾಳಕ್ಕೆ ಬೇಡ.