ಮಿದುಳಿನ ಬೀಗ, ಗಂಡಿನ ಕತ್ತು

ಮಿದುಳಿನ ಕಾಯಿಲೆ ಅಂದರೆ ದೊಡ್ಡ ಆಸ್ಪತ್ರೆಗಳಲ್ಲಿ ಎಲ್ಲರೂ ಮುಖ ಗಂಟಿಕ್ಕುತ್ತಾರಂತೆ. ಎಪ್ಪತ್ತು-ಎಂಬತ್ತರ ದಶಕದಲ್ಲಿ ತೀರ್ಥಹಳ್ಳಿಯ ನನ್ನ ಪುಟ್ಟ ಕ್ಲಿನಿಕ್ಕಿನಲ್ಲಿ ಮಾತ್ರ ಆ ವಿಷಯ ಬಂದಾಗಲೆಲ್ಲ ಕೊನೆಗೆ ಯಾರಾದರೊಬ್ಬರು ನಗುತ್ತಿದ್ದರು. ಹೆಚ್ಚಾಗಿ ನನ್ನನ್ನು ನೋಡಿಯೇ.

೧. ಮಂಗಳವಾರದ ರಜೆ

ಹೊಸನಗರದ ಕಡೆಯ ಒಂದು ಊರಿನಲ್ಲಿ ದೇವರು ಮೈಮೇಲೆ ಬರುವ ಪಾತ್ರಿಯೊಬ್ಬರಿದ್ದರು. ಅರವತ್ತು ದಾಟಿದ ಮೇಲೆ ಅವರ ಬಲಗೈ ಸದಾ ನಡುಗತೊಡಗಿತು. ದೇವರು ದರ್ಶನವಿಲ್ಲದ ದಿನಗಳಲ್ಲೂ ಇವರನ್ನು ಬಿಡುತ್ತಿಲ್ಲವೆಂದು ಊರವರಿಗೆ ಭಕ್ತಿ ಇಮ್ಮಡಿಯಾಯಿತು. ಪಾತ್ರಿ ಮಾತ್ರ ನನ್ನ ಬಳಿ ಬಂದರು.

ನಾನು ಹೇಳಿದೆ: "ಮಿದುಳಲ್ಲಿ ಡೋಪಮಿನ್ ಅಂತ ಒಂದು ರಸ ಇದೆ. ಅದು ಕೀಲಿಕೈ. ಅದು ಹೋಗಿ ಕೂರೋ ಗ್ರಾಹಕಗಳು ಬೀಗ. ಬೀಗ ತೆರೆದ್ರೆ ಕೈಕಾಲು ಹೇಳಿದ ಮಾತು ಕೇಳ್ತವೆ, ಮನಸ್ಸಿಗೂ ಉಮೇದು ಬರ್ತದೆ. ನಿಮ್ಗೆ ಕೀಲಿ ಸಾಲ್ತಾ ಇಲ್ಲ."

ಶಿವಮೊಗ್ಗದಿಂದ ತರಿಸಿದ ಮಾತ್ರೆಯಿಂದ ನಡುಕ ಬಹಳಷ್ಟು ಇಳಿಯಿತು. ಮರುವಾರವೇ ಊರಿನ ಹಿರಿಯರಿಬ್ಬರು ಹಾಜರ್.

"ಡಾಕ್ಟ್ರೇ, ಗುಣ ಆಗಿದ್ದು ಸಂತೋಷ. ಆದ್ರೆ ಮಂಗಳವಾರ ದರ್ಶನ ಇರ್ತದೆ. ಅದೊಂದಿನ ಮಾತ್ರೆಗೆ ರಜೆ ಕೊಡ್ಬಹುದಾ?"

ಅವರ ಹಿಂದೆಯೇ ಬಂದಿದ್ದ ಪಾತ್ರಿ ಗುಡುಗಿದರು: "ಬರೋ ದೇವ್ರು ತಾನೇ ಬರ್ತಾನೆ, ಸುಮ್ನಿರ್ರೋ! ನಂಗೆ ಕಾಫಿ ಚೆಲ್ಲದೆ ಕುಡಿಯೋಕಾಗ್ತಿದೆ!"

೨. ಅಟ್ಟದ ಡಬ್ಬಿ

ಒಬ್ಬ ಹೆಡ್‌ಮಾಸ್ಟರಿಗೆ ನಸ್ಯ ಬಿಡಬೇಕಿತ್ತು. ಒಂದು ಚಿಟಿಕೆ ಏರಿಸಿದರೆ ಅದೇ ಬೀಗಗಳು ತೆರೆದು ಸುಖವಾಗುತ್ತದೆ, ಮಿದುಳು ಮತ್ತೆ ಮತ್ತೆ ಅದನ್ನೇ ಕೇಳುತ್ತದೆ. ಇದೆಲ್ಲ ಆಗ ನನಗೂ ಅಷ್ಟಾಗಿ ಗೊತ್ತಿರಲಿಲ್ಲ. "ಡಬ್ಬಿಯನ್ನ ಕೈಗೆ ಸಿಗದ ಕಡೆ ಇಡಿ" ಎಂದು ದೊಡ್ಡದಾಗಿ ಉಪದೇಶ ಮಾಡಿದೆ. ಅವರು ಅಟ್ಟದ ಮೇಲಿಟ್ಟರು.

ತಿಂಗಳು ಬಿಟ್ಟು ಕೈಮುಗಿದುಕೊಂಡು ಬಂದರು.

"ನಸ್ಯ ಬಿಟ್ರಾ?"

"ಎಲ್ಲಿ ಬಿಡೋದು! ದಿನಕ್ಕೆ ಇಪ್ಪತ್ತು ಸಲ ಏಣಿ ಹತ್ತಿ ಇಳಿದು ಮಂಡಿನೋವು ವಾಸಿಯಾಯ್ತು ಡಾಕ್ಟ್ರೇ."

೩. ಗೋಡೆ ನೋಡಿದ ಗಂಡು

ಬೇರೆಯವರ ಮನೆಯದ್ದಾದರೆ ನಗುವುದು ಸುಲಭ. ಇದು ನಮ್ಮ ಮನೆಯದ್ದೇ.

ನನ್ನ ತಂಗಿಯನ್ನು ಇಬ್ಬರು ನೋಡಿ, "ಕಾಗದ ಬರೀತೀವಿ" ಎಂದು ಹೋದವರು ಬರೆದಿರಲಿಲ್ಲ. "ಇದೇ ಕೊನೆ. ಇನ್ನು ಯಾರ ಮುಂದೂ ತಟ್ಟೆ ಹಿಡಿಯಲ್ಲ" ಎಂದು ಅವಳು ಅಜ್ಜಿಗೆ ಹೇಳಿಬಿಟ್ಟಿದ್ದಳು. ಒಳಗೊಳಗೇ ಎಷ್ಟು ನೊಂದಿದ್ದಾಳೆಂದು ನನಗೆ ಗೊತ್ತಿತ್ತು. ಮೂರನೆಯ ಗಂಡು ಸಾಗರದಿಂದ ಬಸ್ಸಿನಲ್ಲಿ ಬಂದ, ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡು. ಆಗಬೇಕಾದ ನೆಂಟರೆಂಬ ಉತ್ಸಾಹದಲ್ಲಿ ನಾನೇ ವಾಂತಿ ನಿಲ್ಲುವ ಇಂಜೆಕ್ಷನ್ ಚುಚ್ಚಿದೆ. ವಾಂತಿ ನಿಂತಿತು.

ಎರಡು ಗಂಟೆ ಕಳೆದು ತಂಗಿ ಕೇಸರಿಬಾತಿನ ತಟ್ಟೆ ಹಿಡಿದು ಬಂದಾಗ ಗಂಡು ಗೋಡೆಯ ಕಡೆ ಮುಖ ತಿರುಗಿಸಿ ಕೂತಿದ್ದ. ಕಣ್ಣು ಮಾಡಿನ ಹೆಂಚಿನ ಮೇಲೆ.

ಅಪ್ಪಯ್ಯ ಕೆಂಡವಾದರು. "ಇಷ್ಟ ಇಲ್ದಿದ್ರೆ ಬಾಯಲ್ಲಿ ಹೇಳ್ಬಹುದಲ್ಲ ಮಾರಾಯ್ರೆ! ಹಿಂಗೆ ಮುಖ ತಿರುಗ್ಸೋದು ಎಂತ ಮರ್ಯಾದೆ?"

ಗಂಡಿನ ತಂದೆ ನಾಚಿ ಮಗನ ತೊಡೆ ಚಿವುಟಿದರು. ಮಗ "ಆಂ... ಆಂ..." ಎಂದನೇ ಹೊರತು ತಿರುಗಲಿಲ್ಲ.

ತಂಗಿ ತಟ್ಟೆ ಕೆಳಗಿಟ್ಟು ಬಗ್ಗಿ ನೋಡಿದಳು. "ಅಣ್ಣಯ್ಯಾ, ಇವ್ರು ಮುಖ ತಿರುಗ್ಸಿದ್ದಲ್ಲ. ಕತ್ತೇ ತಿರುಗಿದೆ. ನೀ ಎಂತ ಚುಚ್ಚಿದ್ದು?"

ಆಗ ನನಗೆ ಹೊಳೆಯಿತು. ಆ ವಾಂತಿ ಔಷಧಿ ಮಿದುಳಿನ ಅದೇ ಬೀಗಗಳನ್ನು ಮುಚ್ಚುವಂಥದ್ದು. ಅಪರೂಪಕ್ಕೆ ಕೆಲವು ಹರೆಯದವರಿಗೆ ಕತ್ತು ಹೀಗೆ ಸೆಟೆದು ತಿರುಚಿಕೊಳ್ಳುತ್ತದೆ. ಓದಿದ್ದೆ, ಕಂಡಿರಲಿಲ್ಲ. ಓಡಿಹೋಗಿ ಆ ಸೆಟೆತ ಬಿಡಿಸುವ ಇನ್ನೊಂದು ಇಂಜೆಕ್ಷನ್ ತಂದು ನರಕ್ಕೆ ಕೊಟ್ಟೆ. ಹತ್ತು ನಿಮಿಷದಲ್ಲಿ ಕತ್ತು ಮೆಲ್ಲಮೆಲ್ಲಗೆ ಹೊರಳಿ ತಂಗಿಯ ಎದುರಿಗೆ ಬಂದು ನಿಂತಿತು.

"ಕೇಸರಿಬಾತು ತಣ್ಣಗಾಯ್ತೇನೋ?" ಎಂದ ಗಂಡು.

ತಂಗಿ ನಕ್ಕಳು. ಸಂಜೆಯೊಳಗೆ ಎರಡೂ ಕಡೆ ಒಪ್ಪಿಗೆಯಾಯಿತು. ನಾನು ಹಿತ್ತಿಲಿಗೆ ಹೋಗಿ, ಬದುಕಿದೆಯಾ ಬಡಜೀವವೇ ಎಂದು ಅತ್ತೇಬಿಟ್ಟೆ.

ಅಜ್ಜಿ ಅಲ್ಲಿಗೂ ಬಂದಳು. ನನ್ನನ್ನು ಸಮಾಧಾನ ಮಾಡಲು ಬಂದಳೆಂದುಕೊಂಡೆ. ಅವಳ ಮುಖ ಬಿಗಿದಿತ್ತು.

"ಮುಖ ತಿರುಗ್ಸಿ ಕೂತ ಗಂಡನ್ನ ಇತ್ಲಾಗಿ ತಿರುಗ್ಸೋ ಸೂಜಿ ಕೈಯಲ್ಲಿಟ್ಕೊಂಡು, ಮೊದ್ಲು ಬಂದ ಇಬ್ರನ್ನೂ ಸುಮ್ನೆ ಯಾಕೋ ಕಳ್ಸಿದೆ, ಮಗಾ?"