ಬಂಗುಡೆ ಸಾರಿನ ಪ್ಲೇಟು

ಕ್ಯಾನ್ಸರ್ ಜೀವಕೋಶಗಳ ಮೇಲೆ ಸೊಪ್ಪಿನ ರಸ ಸುರಿದು ನೋಡುವುದು ನನ್ನ ಕೆಲಸ. ಇಷ್ಟು ಬಾಯಿಬಿಟ್ಟರೆ ಸಾಕು, ದುಬೈಯಲ್ಲಿರುವ ನಮ್ಮ ಕರಾವಳಿಯವರೆಲ್ಲ ಒಂದೊಂದು ಸೊಪ್ಪು ಹಿಡಿದು ಬಾಗಿಲಲ್ಲಿ ನಿಲ್ಲುತ್ತಾರೆ.

ಸೂಟ್‌ಕೇಸಿನ ಸೊಪ್ಪು

ಎದುರು ಫ್ಲ್ಯಾಟಿನ ಬ್ಯಾರಿ ಕಾಕಾಗೆ ನೈಫ್ ಎಂಬ ಪೇಟೆಯಲ್ಲಿ ಅತ್ತರಿನ ಅಂಗಡಿ. ಕರುಳಿನಲ್ಲಿ ಕ್ಯಾನ್ಸರ್ ಗಡ್ಡೆ, ಆಪರೇಷನ್‌ಗೆ ದಿನ ಗೊತ್ತಾಗಿತ್ತು. ಅವರು ಹೆದರಿ ಊರಿಂದ ಯಾರದೋ ಸೂಟ್‌ಕೇಸಿನಲ್ಲಿ ಒಣಸೊಪ್ಪು ತರಿಸಿದರು.

"ಡಾಕ್ಟ್ರೇ, ಇದನ್ನು ನಿಮ್ಮ ಲ್ಯಾಬಲ್ಲಿ ನೋಡಿ. ಕ್ಯಾನ್ಸರ್ ಸಾಯ್ತದಾದ್ರೆ ಆಪರೇಷನ್ ಬೇಡ."

"ಕಾಕಾ, ನಾನು ಡಾಕ್ಟರಲ್ಲ, ಟೆಕ್ನಿಷಿಯನ್."

"ಒಳ್ಳೇದೇ ಆಯ್ತು. ಕೊಯ್ಯಲಿಕ್ಕೆ ಗೊತ್ತಿಲ್ಲದವರೇ ನನಗೆ ಬೇಕಾದದ್ದು."

ತೌಬಾ!

ನಮ್ಮ ಬಾಸ್ ಈಜಿಪ್ಟಿನ ಹೆಂಗಸು. ಸೊಪ್ಪು ಮೂಸಿ, "ಯಲ್ಲಾ, ನಡಿ, ಹಾಕು" ಅಂದರು. ಆಲ್ಕೋಹಾಲಿನಲ್ಲಿ ನೆನೆಸಿ ರಸ ತೆಗೆದು ಜೀವಕೋಶ ಬೆಳೆಸುವ ಪ್ಲೇಟಿಗೆ ಹಾಕಿದೆ. ಮರುದಿನ ಜೀವಕೋಶಗಳೆಲ್ಲ ಸತ್ತಿದ್ದವು. ಸೊಪ್ಪೇ ಇಲ್ಲದೆ ಬರೀ ಆಲ್ಕೋಹಾಲ್ ಹಾಕಿದ ಪ್ಲೇಟಿನಲ್ಲೂ ಸತ್ತಿದ್ದವು! ಆಲ್ಕೋಹಾಲ್ ಹೆಚ್ಚು ಸುರಿದದ್ದಕ್ಕೆ ಬಾಸ್ ಕೈಯಲ್ಲಿ ಚೆನ್ನಾಗಿ ಬೈಸಿಕೊಂಡೆ.

ಕೊಂದದ್ದು ಆಲ್ಕೋಹಾಲ್ ಎಂದು ತಿಳಿದು ಕಾಕಾ "ತೌಬಾ, ತೌಬಾ" ಎಂದು ಕಿವಿ ಮುಚ್ಚಿಕೊಂಡರು. ನನ್ನ ಗಂಡ ಮಾತ್ರ ಅಂದಿನಿಂದ ಸಂಜೆಯ ಗ್ಲಾಸಿಗೆ ಔಷಧಿ ಎಂದು ಹೆಸರಿಟ್ಟಿದ್ದಾರೆ.

ಸಾರಿನ ಪರೀಕ್ಷೆ

ಎರಡನೇ ಸಲ ಸೊಪ್ಪನ್ನು ನೀರಿನಲ್ಲಿ ಕುದಿಸಿ ಹಾಕಿದೆ. ಮತ್ತೆ ಸತ್ತವು. ಕಾಕಾ ಕುಣಿದಾಡಿ, ಬರುವುದಿಲ್ಲವೆಂದು ಆಸ್ಪತ್ರೆಗೆ ಫೋನ್ ಮಾಡಲು ಹೊರಟರು. ನಾನು ಅಡ್ಡ ನಿಂತೆ. ಪ್ಲೇಟಿನಲ್ಲಿ ಏನು ಗಟ್ಟಿಯಾಗಿ ಸುರಿದರೂ ಜೀವಕೋಶ ಸಾಯುತ್ತದೆ, ಹೊಟ್ಟೆಯೊಳಗೆ ಹಾಗಲ್ಲ ಎಂದು ಎಷ್ಟು ಬಡಕೊಂಡರೂ ಕೇಳಲಿಲ್ಲ. ಕೊನೆಗೆ ಅವರ ಹೆಂಡತಿಯ ಬಂಗುಡೆ ಮೀನಿನ ಸಾರನ್ನೇ ಸೋಸಿ ಒಂದು ಪ್ಲೇಟಿಗೆ ಸುರಿದೆ. ಮರುದಿನ ಫೋಟೊ ತೋರಿಸಿದೆ.

"ಇದು ಸೊಪ್ಪು, ಇದು ಸಾರು. ಸಾರಲ್ಲಿ ಒಂದೂ ಉಳಿದಿಲ್ಲ ನೋಡಿ."

ಕಾಕಾ ಫೋಟೊ ನೋಡಿದರು, ಹೆಂಡತಿಯನ್ನೂ ನೋಡಿದರು. "ಮದುವೆಯಾದಲ್ಲಿಂದ ಇವಳ ಸಾರು ತಿಂತಿದ್ದೇನೆ. ಆದ್ರೂ ಗಡ್ಡೆ ಬಂತಲ್ಲ ಮಾರಾಯ್ರೆ!" ಫೋಟೊ ವಾಪಸು ಕೊಟ್ಟು, "ಖಲಾಸ್. ಕೊಯ್ಯಿಸುವ" ಅಂದರು.

ಆಪರೇಷನ್ ಚೆನ್ನಾಗಿ ಆಯಿತು. ನನಗೆ ಹೋದ ಜೀವ ಬಂತು. ಮೊನ್ನೆ ಅಂಗಡಿಯಿಂದ ಅವರ ಫೋನ್.

"ಡಾಕ್ಟ್ರೇ, ನಾನು ಸಾರಲ್ಲಿ ಗುಣ ಆದದ್ದು ಅಂತ ನೈಫ್ ಪೇಟೆಯಿಡೀ ಸುದ್ದಿ. ಕ್ಯಾನ್ಸರಿಗೇ ಆಗ್ತದಾದ್ರೆ ಗಂಟುನೋವಿಗೆ ಆಗ್ಲಿಕ್ಕಿಲ್ವಾ ಅಂತ ಜನ ಟಿಫಿನ್ ಡಬ್ಬ ಹಿಡ್ಕೊಂಡು ಬಂದಿದ್ರು."

"ಅಯ್ಯೋ! ನೀವೆಂತ ಹೇಳಿದ್ರಿ?"

"ಅಂಗಿ ಎತ್ತಿ ಹೊಲಿಗೆ ತೋರಿಸಿದೆ. ಮೊದಲು ಇದು, ಆಮೇಲೆ ಸಾರು ಅಂದೆ. ಎಲ್ಲ ಓಡಿದ್ರು. ಇವಳು ಅವರಿಗೆಂದು ದೊಡ್ಡ ಪಾತ್ರೆಯಲ್ಲಿ ಮಾಡಿಟ್ಟಿದ್ದಾಳೆ, ಈಗ ನಾನೊಬ್ಬನೇ ಮುಗಿಸ್ಬೇಕು!"